ಮನೆಯ ನ್ಯಾಸ್‌ಗೆ ಹೊರಗಿನಿಂದ ದಾರಿ: ವಿಪಿಎನ್ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಮನೆಯ ಮಹಡಿಯ ಮೇಲೆಯೇ ನನ್ನ ಫೋಟೊ ಸ್ಟುಡಿಯೊ ಇದೆ. ಹನ್ನೊಂದು ವರ್ಷಗಳ ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರಗಳೆಲ್ಲ ಎರಡು ಡಿಸ್ಕ್‌ಗಳ ಸಿನಾಲಜಿ ಕಂಪನಿಯ ಒಂದು ನ್ಯಾಸ್‌ನಲ್ಲಿವೆ (ಮನೆಯ ಜಾಲಕ್ಕೆ ಜೋಡಿಸಿ ಕಡತಗಳನ್ನು ಕೂಡಿಡುವ ಪೆಟ್ಟಿಗೆ). ಪರ ಊರಿಗೆ ಕೆಲಸಕ್ಕೆ ಹೋದಾಗಲೂ ಅದರಲ್ಲಿರುವ ಕಡತಗಳು ಬೇಕಾಗುತ್ತವೆ. ಒಂದು ವಿಡಿಯೊದಲ್ಲಿ ಹೇಳಿದಂತೆ ರೂಟರ್‌ನಲ್ಲಿ 5000ನೇ ಪೋರ್ಟನ್ನು (ಹೊರಗಿನ ಕರೆ ಒಳಬರುವ, ಅಂಕಿಯಿಂದ ಗುರುತಿಸುವ ಬಾಗಿಲನ್ನು) ತೆರೆದೆ. ಎಲ್ಲಿಂದ ಬೇಕಾದರೂ ನ್ಯಾಸ್‌ನ ಪುಟ ತೆರೆದುಕೊಳ್ಳುತ್ತದೆ. ಆದರೆ ಕಳೆದ ವಾರ ಲಾಗ್ ನೋಡಿದಾಗ ‘ಅಡ್ಮಿನ್’ ಎಂಬ ಹೆಸರಿನಲ್ಲಿ ಯಾರೋ ಒಳಬರಲು ಯತ್ನಿಸಿ ವಿಫಲರಾದ ಸಾಲುಗಳು ನೂರಾರು ಕಂಡವು. ಪ್ರತಿ ಸಾಲಿನಲ್ಲೂ ಬೇರೆ ಬೇರೆ ವಿಳಾಸ. ಗೆಳೆಯರೊಬ್ಬರು ವಿಪಿಎನ್, ಅಂದರೆ ಅಂತರ್ಜಾಲದ ಮೂಲಕ ಮನೆಗೆ ಬರುವ ಖಾಸಗಿ ದಾರಿ, ಹಾಕಿಕೊಳ್ಳಿ ಎನ್ನುತ್ತಾರೆ. ಅದನ್ನು ನ್ಯಾಸ್‌ನಲ್ಲಿಯೇ ಅಳವಡಿಸಬಹುದೇ? ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಳವಡಿಸಬಹುದು, ಅದಕ್ಕೆ ಬೇಕಾದ ಪ್ಯಾಕೇಜ್ ನಿಮ್ಮ ನ್ಯಾಸ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ. ಆದರೆ ಮುಂದಿನ ಸಾಲುಗಳನ್ನು ಓದುವ ಮೊದಲು ಎದ್ದುಹೋಗಿ ರೂಟರ್‌ನಲ್ಲಿ ತೆರೆದಿರುವ ಆ 5000ನೇ ಪೋರ್ಟನ್ನು ಮುಚ್ಚಿ ಬನ್ನಿ. ನೀವು ಲಾಗ್‌ನಲ್ಲಿ ಕಂಡದ್ದು ನಿಮ್ಮ ಮೇಲೆ ಕಣ್ಣಿಟ್ಟಿರುವ ಯಾರೋ ಒಬ್ಬರ ಕೆಲಸವಲ್ಲ. ಅಂತರ್ಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತ, ಎಲ್ಲಿ ಬಾಗಿಲು ತೆರೆದಿದೆಯೋ ಅಲ್ಲಿ ‘ಅಡ್ಮಿನ್’, ‘ರೂಟ್’, ‘ಟೆಸ್ಟ್’ ಎಂಬಂಥ ಹೆಸರುಗಳನ್ನೂ ಜನ ಸಾಮಾನ್ಯವಾಗಿ ಇಟ್ಟುಕೊಳ್ಳುವ ಪಾಸ್‌ವರ್ಡ್‌ಗಳನ್ನೂ ಹಗಲಿರುಳು ಹಾಕಿ ನೋಡುವ ಯಂತ್ರಗಳು ಅವು. ಒಂದೇ ವಿಳಾಸದಿಂದ ಹಲವು ಸಲ ತಪ್ಪಾದರೆ ನ್ಯಾಸ್ ಅದನ್ನು ತಡೆಹಿಡಿಯಬಲ್ಲದು ಎಂಬುದು ಅವನ್ನು ನಡೆಸುವವರಿಗೂ ಗೊತ್ತು. ಅದಕ್ಕಾಗಿಯೇ ಈಗಾಗಲೇ ಕೈವಶ ಮಾಡಿಕೊಂಡಿರುವ ಅಮಾಯಕರ ಕಂಪ್ಯೂಟರ್‌ಗಳಿಂದ ಸರದಿಯ ಮೇಲೆ ಯತ್ನಿಸುತ್ತಾರೆ. ನಿಮಗೆ ಪ್ರತಿ ಸಾಲಿನಲ್ಲಿ ಬೇರೆ ವಿಳಾಸ ಕಂಡದ್ದು ಇದರಿಂದ. ಇದಲ್ಲದೆ 5000 ಎಂಬುದು ಗೂಢಲಿಪಿಯ ರಕ್ಷಣೆಯಿಲ್ಲದ ಎಚ್‌ಟಿಟಿಪಿ ಪೋರ್ಟ್. ಯಾವುದೋ ಲಾಡ್ಜಿನ ವೈಫೈನಲ್ಲಿ ಕುಳಿತು ನೀವು ಟೈಪಿಸುವ ಪಾಸ್‌ವರ್ಡ್ ದಾರಿಯುದ್ದಕ್ಕೂ ಅಂಚೆ ಕಾರ್ಡಿನ ಬರಹದಂತೆ ಬಯಲಾಗಿರುತ್ತದೆ.

ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕಲ್ಲವೇ ಎಂದು ಕೇಳಬಹುದು, ಸಾಲದು. 2014ರ ಆಗಸ್ಟ್‌ನಲ್ಲಿ ಸಿನೋಲಾಕರ್ ಎಂಬ ಸುಲಿಗೆ ತಂತ್ರಾಂಶವು ಹಳೆಯ ಡಿಎಸ್‌ಎಮ್ (ಸಿನಾಲಜಿಯ ಕಾರ್ಯಾಚರಣಾ ತಂತ್ರಾಂಶ) ಇದ್ದ ಸಿನಾಲಜಿ ಪೆಟ್ಟಿಗೆಗಳನ್ನೂ, 2021ರಲ್ಲಿ ಕ್ಯೂಲಾಕರ್ ಮತ್ತು 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬುವು ಕ್ಯೂನ್ಯಾಪ್ ಎಂಬ ಇನ್ನೊಂದು ಕಂಪನಿಯ ನ್ಯಾಸ್ ಪೆಟ್ಟಿಗೆಗಳನ್ನೂ ಹಿಡಿದದ್ದು ಪಾಸ್‌ವರ್ಡ್ ಊಹಿಸಿ ಅಲ್ಲ, ತಂತ್ರಾಂಶದೊಳಗಿನ ದೋಷಗಳ ಮೂಲಕ. ಡೆಡ್‌ಬೋಲ್ಟ್ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಳ್ಳಲು 0.03 ಬಿಟ್‌ಕಾಯಿನ್ ಕೊಡಬೇಕೆಂದು ನ್ಯಾಸ್‌ನ ಪ್ರವೇಶ ಪುಟದಲ್ಲಿಯೇ ಬೋರ್ಡು ಹಾಕುತ್ತಿತ್ತು. ಹೀಗೆ ಸಿಕ್ಕಿಬಿದ್ದವುಗಳಿಗೆ ಇದ್ದ ಒಂದು ಸಮಾನ ಲಕ್ಷಣವೆಂದರೆ, ಅವು ಅಂತರ್ಜಾಲಕ್ಕೆ ನೇರವಾಗಿ ಮುಖ ಮಾಡಿ ನಿಂತಿದ್ದವು. ಹನ್ನೊಂದು ವರ್ಷಗಳ ಮದುವೆಯ ಚಿತ್ರಗಳಿರುವ ಪೆಟ್ಟಿಗೆಯನ್ನು ಹಾಗೆ ನಿಲ್ಲಿಸಬಾರದು.

ವಿಪಿಎನ್ ಮಾಡುವ ಕೆಲಸ ಇಷ್ಟೇ. ನ್ಯಾಸ್‌ನ ಪುಟ, ಫೋಲ್ಡರ್ ಹಂಚಿಕೆ, ಫೋಟೊ ಆ್ಯಪ್, ಸಿಸಿಟಿವಿ ಎಂದು ಒಂದೊಂದಕ್ಕೂ ಹೊರಗೋಡೆಯಲ್ಲಿ ಒಂದೊಂದು ಬಾಗಿಲು ಕೊರೆಯುವ ಬದಲು, ಒಂದೇ ಒಂದು ದಿಡ್ಡಿ ಬಾಗಿಲನ್ನಿಟ್ಟು, ಕೀಲಿ ಇದ್ದವರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದು. ಒಳಗೆ ಬಂದವರ ಲ್ಯಾಪ್‌ಟಾಪ್ ಮನೆಯ ವೈಫೈಗೆ ಜೋಡಿಸಿದ್ದರೆ ಹೇಗೋ ಹಾಗೆಯೇ ನಡೆದುಕೊಳ್ಳುತ್ತದೆ. ನಡುವಿನ ದಾರಿಯಲ್ಲಿ ಸಾಗುವುದೆಲ್ಲ ಗೂಢಲಿಪಿಯಲ್ಲಿರುತ್ತದೆ.

ಸಿನಾಲಜಿಯ ‘ವಿಪಿಎನ್ ಸರ್ವರ್’ ಪ್ಯಾಕೇಜನ್ನು ತೆರೆದರೆ ಪಿಪಿಟಿಪಿ, ಓಪನ್‌ವಿಪಿಎನ್, ಎಲ್2ಟಿಪಿ ಎಂಬ ಮೂರು ವಿಪಿಎನ್ ಪದ್ಧತಿಗಳ ಹೆಸರುಗಳು ಕಾಣುತ್ತವೆ. ಪಿಪಿಟಿಪಿಯನ್ನು ಮುಟ್ಟಲೇಬೇಡಿ. ಅದರ ಪಾಸ್‌ವರ್ಡ್ ಪರಿಶೀಲನೆಯ ಪದ್ಧತಿಯನ್ನು ಒಂದೇ ದಿನದೊಳಗೆ ಮುರಿಯಬಹುದೆಂದು 2012ರಲ್ಲಿಯೇ ತೋರಿಸಲಾಗಿತ್ತು. ಆ್ಯಪಲ್ 2016ರಲ್ಲಿ ಅದನ್ನು ತನ್ನ ಫೋನ್‌ಗಳಿಂದ ತೆಗೆದೇ ಹಾಕಿತು. ಅಂಥದ್ದು ಇನ್ನೂ ಆ ಪಟ್ಟಿಯಲ್ಲಿ ಏಕಿದೆಯೋ! ಎಲ್2ಟಿಪಿಯನ್ನು ಐಪಿಸೆಕ್ ಎಂಬ ಗೂಢಲಿಪಿ ಪದ್ಧತಿಯ ಜೊತೆ ಬಳಸಿದರೆ ತಕ್ಕಮಟ್ಟಿಗೆ ಸುರಕ್ಷಿತವೇ, ಆದರೆ ಆಂಡ್ರಾಯ್ಡ್ 12ರಿಂದ ಈಚೆಗೆ ಬಂದ ಫೋನ್‌ಗಳಲ್ಲಿ ಹೊಸದಾಗಿ ಅದನ್ನು ಸೇರಿಸಲು ಅವಕಾಶವಿಲ್ಲ. ಆದುದರಿಂದ ನಿಮಗೆ ಉಳಿಯುವುದು ಓಪನ್‌ವಿಪಿಎನ್. 2001ರಲ್ಲಿ ಮೊದಲು ಬಿಡುಗಡೆಯಾದ ಇದು ಹಳೆಯದಾದರೂ ಚೆನ್ನಾಗಿ ಪಳಗಿದ ತಂತ್ರಾಂಶ. ಕ್ಯೂನ್ಯಾಪ್ ಇರುವವರಿಗೆ ‘ಕ್ಯೂವಿಪಿಎನ್’ ಪ್ಯಾಕೇಜಿನಲ್ಲಿ ವೈರ್‌ಗಾರ್ಡ್ ಎಂಬ ಹೊಸ ಪದ್ಧತಿಯೂ ಸಿಗುತ್ತದೆ. 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ ಸೇರ್ಪಡೆಯಾದ ವೈರ್‌ಗಾರ್ಡ್ ವೇಗದಲ್ಲಿ ಓಪನ್‌ವಿಪಿಎನ್‌ಗಿಂತ ಮುಂದಿದೆ. ಅದಕ್ಕೆ ಇನ್ನೊಂದು ಒಳ್ಳೆಯ ಗುಣವೂ ಇದೆ: ಸರಿಯಾದ ಕೀಲಿಯಿಲ್ಲದೆ ಬಾಗಿಲು ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹೊರಗಿನವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೇ ತಿಳಿಯುವುದಿಲ್ಲ.

ಅಳವಡಿಕೆಯ ಕ್ರಮ ಹೀಗಿದೆ. ಮೊದಲು ರೂಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಪಟ್ಟಿಯಲ್ಲಿ ನ್ಯಾಸ್‌ಗೆ ಒಂದು ಒಳವಿಳಾಸವನ್ನು ಕಾಯಂ ಮಾಡಿ. ಇಲ್ಲವಾದರೆ ಕರೆಂಟು ಹೋಗಿಬಂದ ಮೇಲೆ ಅದರ ವಿಳಾಸ ಬದಲಾಗಿ, ರೂಟರ್ ಬಂದವರನ್ನು ನಿಮ್ಮ ಪ್ರಿಂಟರ್‌ನ ಬಾಗಿಲಿಗೆ ಕಳಿಸೀತು. ಮನೆಯ ಹೊರವಿಳಾಸವೂ ಆಗಾಗ ಬದಲಾಗುವುದರಿಂದ, ನ್ಯಾಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಡಿಎನ್‌ಎಸ್ ಎಂಬಲ್ಲಿಗೆ ಹೋಗಿ ಉಚಿತವಾಗಿ ಸಿಗುವ ಒಂದು ಹೆಸರನ್ನು ಪಡೆದುಕೊಳ್ಳಿ. ವಿಳಾಸ ಬದಲಾದಾಗಲೆಲ್ಲ ನ್ಯಾಸ್ ತಾನಾಗಿ ಆ ಹೆಸರಿಗೆ ಹೊಸ ವಿಳಾಸವನ್ನು ಜೋಡಿಸುತ್ತಿರುತ್ತದೆ. ಆಮೇಲೆ ವಿಪಿಎನ್ ಸರ್ವರ್‌ನಲ್ಲಿ ಓಪನ್‌ವಿಪಿಎನ್ ಚಾಲೂ ಮಾಡಿ, ರೂಟರ್‌ನಲ್ಲಿ ಯುಡಿಪಿ 1194ನೇ ಪೋರ್ಟ್ ಒಂದನ್ನು ಮಾತ್ರ ನ್ಯಾಸ್‌ನ ಒಳವಿಳಾಸಕ್ಕೆ ಕಳಿಸುವಂತೆ ನಿಯಮ ಬರೆಯಿರಿ. ನಿಮ್ಮ ರೂಟರ್ ಟಿಸಿಪಿ, ಯುಡಿಪಿ ಎಂಬ ಡೇಟಾ ಸಾಗಣೆಯ ಎರಡು ವಿಧಾನಗಳನ್ನೂ ಕೇಳಿದರೆ ಯುಡಿಪಿಯನ್ನಷ್ಟೇ ಆರಿಸಬೇಕು. ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆಯ ಹಿಂದೆ ನೀವೇ ಕೊಂಡ ಇನ್ನೊಂದು ರೂಟರ್ ಇದ್ದರೆ ಈ ನಿಯಮ ಎರಡರಲ್ಲೂ ಬೇಕಾಗುತ್ತದೆ, ಇಲ್ಲವೇ ಮೊದಲನೆಯದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ) ಹಾಕಿಸಬೇಕು.

ಅದೇ ಪ್ಯಾಕೇಜಿನಲ್ಲಿ ‘ಪ್ರಿವಿಲೇಜ್’ ಎಂಬ ಪುಟವೊಂದಿದೆ. ಹೆಚ್ಚಿನವರು ಅದನ್ನು ತೆರೆದೇ ನೋಡುವುದಿಲ್ಲ. ನ್ಯಾಸ್‌ನಲ್ಲಿ ಖಾತೆಯಿರುವವರಲ್ಲಿ ಯಾರಿಗೆಲ್ಲ ವಿಪಿಎನ್ ಮೂಲಕ ಬರುವ ಹಕ್ಕಿದೆ ಎಂಬುದನ್ನು ಅಲ್ಲಿ ಗುರುತು ಹಾಕಲಾಗಿರುತ್ತದೆ. ಹಿಂದೊಮ್ಮೆ ಸ್ಟುಡಿಯೊದಲ್ಲಿದ್ದ ಸಹಾಯಕರಿಗಾಗಿ ತೆರೆದ ಖಾತೆ ಇನ್ನೂ ಇದೆಯೇ ಎಂದು ನೋಡಿ, ನಿಮ್ಮದೊಂದನ್ನು ಬಿಟ್ಟು ಉಳಿದ ಗುರುತುಗಳನ್ನೆಲ್ಲ ತೆಗೆಯಿರಿ. ನಿಮ್ಮದೂ ‘ಅಡ್ಮಿನ್’ ಎಂಬ ಖಾತೆಯಾಗಿರಬಾರದು. ಬೇರೆ ಹೆಸರಿನಲ್ಲಿ ಒಂದು ಖಾತೆ ಮಾಡಿಕೊಂಡು ‘ಅಡ್ಮಿನ್’ ಅನ್ನು ನಿಷ್ಕ್ರಿಯಗೊಳಿಸಿ; ಬಾಗಿಲು ತಟ್ಟುವ ಯಂತ್ರಗಳಿಗೆ ಅರ್ಧ ಉತ್ತರವನ್ನು ನಾವೇ ಕೊಟ್ಟು ಕೂರುವುದು ಬೇಡ.

ಇಷ್ಟಾದ ಮೇಲೆ ‘ಎಕ್ಸ್‌ಪೋರ್ಟ್ ಕಾನ್ಫಿಗರೇಶನ್’ ಒತ್ತಿದರೆ ಒಂದು ಜಿಪ್ ಕಡತ ಇಳಿಯುತ್ತದೆ. ಅದನ್ನು ಬಿಡಿಸಿ, ಒಳಗಿರುವ ಓವಿಪಿಎನ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ‘ರಿಮೋಟ್’ ಎಂದು ಆರಂಭವಾಗುವ ಸಾಲಿನಲ್ಲಿ ‘ಯುವರ್ ಸರ್ವರ್ ಐಪಿ’ ಎಂಬ ಅರ್ಥದ ದೊಡ್ಡಕ್ಷರಗಳೂ ಅದರ ಮುಂದೆ 1194 ಎಂಬ ಅಂಕಿಯೂ ಇರುತ್ತವೆ. ಆ ದೊಡ್ಡಕ್ಷರಗಳನ್ನು ಅಳಿಸಿ ನಿಮ್ಮ ಡಿಡಿಎನ್‌ಎಸ್ ಹೆಸರನ್ನು ಬರೆಯಬೇಕು. ಎಲ್ಲ ಸರಿಯಾಗಿ ಮಾಡಿಯೂ ವಿಪಿಎನ್ ಬರುತ್ತಿಲ್ಲ ಎಂದು ನಮಗೆ ಬರೆಯುವವರಲ್ಲಿ ಹಲವರು ತಪ್ಪಿರುವುದು ಈ ಒಂದು ಸಾಲಿನಲ್ಲಿಯೇ. ಅದರ ಕೆಳಗೆ ‘ರಿಡೈರೆಕ್ಟ್ ಗೇಟ್‌ವೇ’ ಎಂಬ ಇನ್ನೊಂದು ಸಾಲು ಇರುತ್ತದೆ, ಅದರ ಮೊದಲಲ್ಲಿ ಹ್ಯಾಷ್ (#) ಗುರುತು ಇರುವುದರಿಂದ ಅದು ಕೆಲಸ ಮಾಡುವುದಿಲ್ಲ. ಆ ಗುರುತನ್ನು ಅಳಿಸಿದರೆ ನಿಮ್ಮ ಲ್ಯಾಪ್‌ಟಾಪಿನ ಇಡೀ ಅಂತರ್ಜಾಲ ಬಳಕೆ ಶಿವಮೊಗ್ಗದ ಮನೆಯ ಮೂಲಕ ಸುತ್ತಿಹೋಗುತ್ತದೆ. ಅಪರಿಚಿತ ವೈಫೈನಲ್ಲಿ ಬ್ಯಾಂಕಿನ ಕೆಲಸ ಮಾಡುವಾಗ ಅದು ಉಪಯುಕ್ತ. ಚಿತ್ರಗಳನ್ನಷ್ಟೇ ತೆಗೆಯಬೇಕಾದಾಗ ಅನಗತ್ಯ ಭಾರ. ಗುರುತು ಇರುವ ಒಂದು, ಇಲ್ಲದ ಒಂದು, ಹೀಗೆ ಎರಡು ಕಡತಗಳನ್ನು ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡರೆ ಸಂದರ್ಭಕ್ಕೆ ತಕ್ಕಂತೆ ಬಳಸಬಹುದು. ತಿದ್ದಿದ ಕಡತವನ್ನು ಫೋನ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಓಪನ್‌ವಿಪಿಎನ್ ಆ್ಯಪ್‌ಗೆ ಕೊಟ್ಟರೆ ಆಯಿತು. ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ.

ಪರೀಕ್ಷೆ ಮಾಡುವಾಗ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಮನೆಯೊಳಗೇ ಕುಳಿತು ಮನೆಯ ಹೊರವಿಳಾಸವನ್ನು ಕರೆದರೆ ಎಷ್ಟೋ ರೂಟರ್‌ಗಳು ಆ ಕರೆಯನ್ನು ತಿರುಗಿ ಒಳಕ್ಕೆ ಬಿಡುವುದಿಲ್ಲ. ಆಗ ಸರಿಯಾಗಿರುವುದೂ ಕೆಟ್ಟಂತೆ ಕಾಣುತ್ತದೆ. ಸಂಪರ್ಕ ಆದ ಮೇಲೆ ವಿಂಡೋಸ್‌ನ ‘ನೆಟ್‌ವರ್ಕ್’ ಪಟ್ಟಿಯಲ್ಲಿ ನ್ಯಾಸ್ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಆ ಪಟ್ಟಿ ತಯಾರಾಗುವುದು ಒಂದೇ ಜಾಲದೊಳಗಿನ ಸಾಧನಗಳು ಕೂಗಿ ಹೇಳಿಕೊಳ್ಳುವ ಸಂದೇಶಗಳಿಂದ, ಆ ಕೂಗು ವಿಪಿಎನ್ ಸುರಂಗವನ್ನು ದಾಟಿ ಬರುವುದಿಲ್ಲ. ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ 10.8.0.1 ಎಂದು ಬರೆಯಿರಿ. ಸಿನಾಲಜಿಯಲ್ಲಿ ಪೂರ್ವನಿಗದಿತ ಅಂಕಿಗಳನ್ನು ಬದಲಿಸದಿದ್ದರೆ ಸುರಂಗದ ಆ ತುದಿಯಲ್ಲಿ ನ್ಯಾಸ್‌ಗೆ ಇರುವ ವಿಳಾಸ ಅದೇ.

ವೇಗದ ಬಗ್ಗೆ ಒಂದು ಮಾತು. ಹೊರಗಿನಿಂದ ನೀವು ಕಡತ ಇಳಿಸಿಕೊಳ್ಳುವಾಗ ನಿಮ್ಮ ಮನೆ ಅದನ್ನು ಏರಿಸುತ್ತಿರುತ್ತದೆ, ಆದ್ದರಿಂದ ಲೆಕ್ಕಕ್ಕೆ ಬರುವುದು ಮನೆಯ ಸಂಪರ್ಕದ ಅಪ್‌ಲೋಡ್ ವೇಗ. ಅದು 40 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್. 25 ಮೆಗಾಬೈಟಿನ ಒಂದು ರಾ ಚಿತ್ರ ಐದಾರು ಸೆಕೆಂಡಿನಲ್ಲಿ ಬಂದೀತು, ಆದರೆ 4 ಗಿಗಾಬೈಟಿನ ಮದುವೆ ವಿಡಿಯೊಗೆ ಕಾಲು ಗಂಟೆ ಕಾಯಬೇಕು. ನ್ಯಾಸ್‌ನ ಪ್ರೊಸೆಸರ್ ಸಣ್ಣದಾಗಿದ್ದರೆ ಗೂಢಲಿಪಿಯ ಕೆಲಸದಲ್ಲಿ ಅದು ಬಳಲಿ ಇನ್ನೂ ನಿಧಾನವಾಗಬಹುದು. ಸುರಂಗದ ಮೂಲಕ ನೇರವಾಗಿ ಫೋಟೊಶಾಪ್‌ನಲ್ಲಿ ಕಡತ ತೆರೆದು ತಿದ್ದುವ ಆಸೆಯನ್ನು ಬಿಟ್ಟು, ಇಳಿಸಿಕೊಂಡು ತಿದ್ದಿ ಮತ್ತೆ ಏರಿಸುವುದೇ ಲೇಸು.

ಕೊನೆಗೆ, ನೀವು ಕೇಳದಿದ್ದರೂ ಹೇಳಬೇಕಾದದ್ದೊಂದಿದೆ. ನಿಮ್ಮ ರೂಟರ್‌ನಲ್ಲಿಯೇ ವಿಪಿಎನ್ ಸರ್ವರ್ ಇದ್ದರೆ ಅದನ್ನು ನ್ಯಾಸ್‌ಗಿಂತ ಅಲ್ಲಿ ಅಳವಡಿಸುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಏಸಸ್‌ನ ಹಲವು ಮಾದರಿಗಳಲ್ಲಿ ಅದು ಸಿಗುತ್ತದೆ, ರೂಟರ್‌ಓಎಸ್ 7 ಇರುವ ಮೈಕ್ರೋಟಿಕ್ ಪೆಟ್ಟಿಗೆಗಳಲ್ಲಿ ವೈರ್‌ಗಾರ್ಡ್ ಕೂಡ ಇದೆ. ಆಗ ಹೊರಗಿನಿಂದ ಬಂದವರು ಮೊದಲು ತಟ್ಟುವುದು ಹೆಬ್ಬಾಗಿಲನ್ನು, ತಿಜೋರಿಯನ್ನಲ್ಲ. ಅದಿಲ್ಲದಿದ್ದರೆ ನ್ಯಾಸ್‌ನಲ್ಲಿಯೇ ಇರಲಿ, ಆದರೆ ಡಿಎಸ್‌ಎಮ್ ಮತ್ತು ಪ್ಯಾಕೇಜುಗಳ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ.

ಪ್ರಶ್ನೆ: ಎಲ್ಲವನ್ನೂ ಕ್ರಮವಾಗಿ ಮಾಡಿದ್ದೇನೆ, ಪೋರ್ಟನ್ನೂ ತೆರೆದಿದ್ದೇನೆ, ಮೊಬೈಲ್ ಡೇಟಾದಲ್ಲಿಯೇ ಪರೀಕ್ಷಿಸಿದ್ದೇನೆ. ಆದರೂ ನ್ಯಾಸ್‌ನ ವಿಪಿಎನ್‌ಗೆ ಸಂಪರ್ಕ ಸಿಗುತ್ತಿಲ್ಲ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ಎಂಬಲ್ಲಿ 100.72 ಎಂದು ಆರಂಭವಾಗುವ ವಿಳಾಸವಿದೆ. ಆದರೆ ‘ನನ್ನ ಐಪಿ ಯಾವುದು’ ಎಂದು ಹುಡುಕಿದರೆ ಬೇರೆಯೇ ಅಂಕಿಗಳು ಬರುತ್ತವೆ. ತಪ್ಪು ಎಲ್ಲಿದೆ?
– ಓದುಗರೊಬ್ಬರು, ಉಡುಪಿ

ಉತ್ತರ: ತಪ್ಪು ನಿಮ್ಮದಲ್ಲ. ಆ ಎರಡು ವಿಳಾಸಗಳನ್ನು ಹೋಲಿಸಿ ನೋಡಿದ್ದಕ್ಕಾಗಿ ನಿಮ್ಮನ್ನು ಮೆಚ್ಚಬೇಕು, ಏಕೆಂದರೆ ವಿಪಿಎನ್ ಅಳವಡಿಸುವವರು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಅದು. ಎರಡೂ ಒಂದೇ ಆಗಿದ್ದರೆ ನಿಮ್ಮ ಮನೆಗೆ ಅಂತರ್ಜಾಲದಲ್ಲಿ ಸ್ವಂತ ವಿಳಾಸವಿದೆ ಎಂದರ್ಥ. ಬೇರೆ ಬೇರೆಯಾಗಿದ್ದು, ರೂಟರ್‌ನಲ್ಲಿರುವುದು 100.64ರಿಂದ 100.127ರವರೆಗಿನದಾಗಿದ್ದರೆ ನೀವು ಸಿಜಿನ್ಯಾಟ್‌ನ ಹಿಂದಿದ್ದೀರಿ, ಅಂದರೆ ನೂರಾರು ಮನೆಗಳು ಒಂದೇ ಹೊರವಿಳಾಸವನ್ನು ಹಂಚಿಕೊಂಡಿವೆ. ದೊಡ್ಡ ವಠಾರವೊಂದಕ್ಕೆ ಬೀದಿಯ ಬಾಗಿಲು ಒಂದೇ ಇದ್ದು, ಒಳಗಿನ ಮನೆಗಳಿಗೆ ಅಂಚೆಯವರಿಗೆ ತಿಳಿಯುವ ನಂಬರೇ ಇಲ್ಲದಂತೆ. ನೀವು ಹೊರಗೆ ಹೋಗಿಬರುವುದಕ್ಕೆ ಅಡ್ಡಿಯಿಲ್ಲ, ನಿಮ್ಮನ್ನು ಹುಡುಕಿಕೊಂಡು ಬರುವವರಿಗೆ ಮಾತ್ರ ದಾರಿಯಿಲ್ಲ. ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಅದರ ಮುಂದಿರುವ ಕಂಪನಿಯ ಪೆಟ್ಟಿಗೆಯಲ್ಲಿ ಬಾಗಿಲು ಮುಚ್ಚಿಯೇ ಇರುತ್ತದೆ.

ಇದರ ಮೂಲ ವಿಳಾಸಗಳ ಬರದಲ್ಲಿದೆ. ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವುದು ಸುಮಾರು 429 ಕೋಟಿ ವಿಳಾಸಗಳು. ನಮ್ಮ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್‌ನಲ್ಲಿಯೇ ಕೊನೆಯ ತುಂಡಿಗೆ ಬಂದು ನಿಂತಿತು, ಮರುವರ್ಷ 100.64ರ ಸಾಲನ್ನು ಈ ಹಂಚಿಕೆಯ ಕೆಲಸಕ್ಕೆಂದೇ ಮೀಸಲಿಡಲಾಯಿತು. ತಡವಾಗಿ ಆದರೆ ಭರದಿಂದ ಬ್ರಾಡ್‌ಬ್ಯಾಂಡ್ ಹಬ್ಬಿದ ನಮ್ಮ ದೇಶದಲ್ಲಿ ಸಿಜಿನ್ಯಾಟ್ ಇಷ್ಟು ಸಾಮಾನ್ಯವಾಗಿರುವುದು ಆಶ್ಚರ್ಯವಲ್ಲ. ವಿದೇಶದ ವಿಡಿಯೊಗಳಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಇಲ್ಲಿ ಹತ್ತು ದಿನ ಹಿಡಿಯುವುದೂ ಎಷ್ಟೋ ಸಲ ಇದರಿಂದಲೇ.

ನಿಮ್ಮ ಮುಂದೆ ಕೆಲವು ದಾರಿಗಳಿವೆ. ಕಂಪನಿಯನ್ನು ಕೇಳಿ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ಹೊರವಿಳಾಸ) ಪಡೆಯುವುದು ಅತ್ಯಂತ ಸರಳ. ಅದಕ್ಕೆ ತಿಂಗಳಿಗೋ ವರ್ಷಕ್ಕೋ ಹೆಚ್ಚುವರಿ ಹಣ ತೆರಬೇಕಾಗುತ್ತದೆ, ಕೆಲವರು ವ್ಯಾಪಾರಿ ಯೋಜನೆಯವರಿಗಷ್ಟೇ ಕೊಡುತ್ತಾರೆ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯ ಮೂಲಕ ಬರುವುದು ಎರಡನೆಯ ದಾರಿ. ಅದರಲ್ಲಿ ವಿಳಾಸಗಳ ಬರ ಇಲ್ಲ, ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಿಗುತ್ತದೆ; ಆದರೆ ಕಂಪನಿ ಕೊಟ್ಟ ರೂಟರ್‌ನ ಫೈರ್‌ವಾಲ್‌ನಲ್ಲಿ ಒಂದು ಪೋರ್ಟನ್ನು ತೆರೆಯುವ ಅವಕಾಶ ಇರಬೇಕು ಮತ್ತು ನೀವು ಹೊರಗೆ ಬಳಸುವ ಜಾಲದಲ್ಲೂ ಐಪಿವಿ6 ಇರಬೇಕು. ಲಾಡ್ಜು, ಕಚೇರಿಗಳ ವೈಫೈಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಉಡುಪಿಯ ಓದುಗರಿಗೆ ನಾನು ಹೇಳುವುದು ಮೂರನೆಯದನ್ನು: ಟೇಲ್‌ಸ್ಕೇಲ್. ಒಳಗೆ ವೈರ್‌ಗಾರ್ಡ್ ಪದ್ಧತಿಯನ್ನೇ ಬಳಸುವ ಇದನ್ನು ಸಿನಾಲಜಿಯ ಪ್ಯಾಕೇಜ್ ಸೆಂಟರ್‌ನಿಂದಲೇ ಹಾಕಿಕೊಳ್ಳಬಹುದು, ವೈಯಕ್ತಿಕ ಬಳಕೆಗೆ ಉಚಿತ ಯೋಜನೆಯೂ ಇದೆ. ಇಲ್ಲಿ ನ್ಯಾಸ್ ಮತ್ತು ಫೋನ್ ಎರಡೂ ಒಳಗಿನಿಂದ ಹೊರಕ್ಕೆ ಕೈಚಾಚಿ, ಟೇಲ್‌ಸ್ಕೇಲ್‌ನ ಸರ್ವರ್‌ನಲ್ಲಿ ಪರಸ್ಪರರ ಗುರುತು ಪಡೆದು, ಆಮೇಲೆ ಸಾಧ್ಯವಾದಾಗ ನೇರವಾಗಿಯೇ ಮಾತಾಡಿಕೊಳ್ಳುತ್ತವೆ. ನೇರ ದಾರಿ ಸಿಗದಿದ್ದರೆ ಅವರ ಮಧ್ಯವರ್ತಿ ಸರ್ವರ್‌ಗಳ ಮೂಲಕ ಹೋಗುತ್ತವೆ. ಆಗ ವೇಗ ಕುಗ್ಗುತ್ತದೆ, ಆದರೆ ಕೀಲಿ ನಿಮ್ಮ ಸಾಧನಗಳಲ್ಲೇ ಇರುವುದರಿಂದ ನಡುವಿನವರು ಓದಲಾರರು. ಒಂದೂ ಪೋರ್ಟ್ ತೆರೆಯಬೇಕಾಗಿಲ್ಲ. ಅಂದ ಹಾಗೆ, ಟೇಲ್‌ಸ್ಕೇಲ್ ನಿಮ್ಮ ಸಾಧನಗಳಿಗೆ ಕೊಡುವ ವಿಳಾಸಗಳೂ ಅದೇ 100.64ರ ಸಾಲಿನವು, ಸಿಜಿನ್ಯಾಟ್ ವಿಳಾಸ ನೋಡಿ ಬೇಸತ್ತವರು ಅವನ್ನು ಕಂಡು ಗಲಿಬಿಲಿಗೊಳ್ಳಬಾರದು.

ಎರಡು ಎಚ್ಚರಿಕೆಗಳು ಮಾತ್ರ ಇರಲಿ. ಟೇಲ್‌ಸ್ಕೇಲ್‌ಗೆ ನೀವು ಪ್ರವೇಶಿಸುವುದು ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಂಥ ಒಂದು ಖಾತೆಯಿಂದ, ಹಾಗಾಗಿ ಮನೆಯ ನಿಜವಾದ ಬೀಗ ಇನ್ನು ಆ ಖಾತೆಯೇ. ಅದಕ್ಕೆ ಎರಡು ಹಂತದ ಪರಿಶೀಲನೆಯನ್ನು ಕಡ್ಡಾಯವಾಗಿ ಹಾಕಿ. ಇನ್ನೊಂದು, ಅದರಲ್ಲಿ ಪ್ರತಿ ಸಾಧನದ ಕೀಲಿಯ ಅವಧಿ 180 ದಿನಗಳೆಂದು ಪೂರ್ವನಿಗದಿಯಾಗಿರುತ್ತದೆ. ಆರು ತಿಂಗಳು ಚೆನ್ನಾಗಿ ನಡೆದದ್ದು ನೀವು ದೂರದಲ್ಲಿರುವ ದಿನವೇ ನಿಂತುಹೋಗಿ, ಕೀಲಿಯನ್ನು ನವೀಕರಿಸುವವರೆಗೆ ತೆರೆಯುವುದಿಲ್ಲ. ನಿರ್ವಹಣಾ ಪುಟದಲ್ಲಿ ನ್ಯಾಸ್ ಒಂದಕ್ಕೆ ಮಾತ್ರ ಈ ಅವಧಿಯನ್ನು ರದ್ದುಪಡಿಸಿ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ನ್ಯಾಸ್‌ನಲ್ಲಿ ಓಪನ್‌ವಿಪಿಎನ್ ಹಾಕಿದ್ದೇವೆ, ಸ್ಟ್ಯಾಟಿಕ್ ಐಪಿಯೂ ಇದೆ. ಮೊಬೈಲ್ ಡೇಟಾದಲ್ಲಿ ಎಲ್ಲವೂ ಸರಿ. ಬೆಂಗಳೂರಿನ ಮಗಳ ಮನೆಯ ವೈಫೈನಿಂದ ಮಾತ್ರ ‘ಕನೆಕ್ಟೆಡ್’ ಎಂದು ಬರುತ್ತದೆ, ಆದರೆ 192.168.29.20 ಎಂದು ಹಾಕಿದರೆ ಫೋಲ್ಡರ್ ತೆರೆಯುವುದಿಲ್ಲ. ಎರಡೂ ಮನೆಗಳಿಗೆ ಒಂದೇ ಕಂಪನಿಯ ಸಂಪರ್ಕ.
– ನಿವೃತ್ತ ಅಧ್ಯಾಪಕಿ, ಮೈಸೂರು

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲಿಯೇ ಉತ್ತರವಿದೆ. ಒಂದೇ ಕಂಪನಿಯ ಪೆಟ್ಟಿಗೆಗಳು ಎಲ್ಲ ಮನೆಗಳಲ್ಲೂ ಒಂದೇ ಒಳವಿಳಾಸಗಳನ್ನು ಹಂಚುತ್ತವೆ. ಮೈಸೂರಿನಲ್ಲಿ 192.168.29, ಬೆಂಗಳೂರಿನಲ್ಲೂ 192.168.29. ನೀವು ಮಗಳ ಮನೆಯಲ್ಲಿ ಕುಳಿತು 192.168.29.20 ಎಂದು ಕರೆದಾಗ ಲ್ಯಾಪ್‌ಟಾಪ್ ಅದನ್ನು ಅದೇ ಮನೆಯೊಳಗಿನ ಸಾಧನವೆಂದು ತಿಳಿದು ಅಲ್ಲಿಯೇ ಹುಡುಕುತ್ತದೆ. ಮೈಸೂರಿನ ಸುರಂಗದ ಕಡೆಗೆ ತಲೆ ಹಾಕುವುದಿಲ್ಲ. ಎರಡು ಊರುಗಳಲ್ಲೂ ಗಾಂಧಿ ಬಜಾರ್ ಇದ್ದು, ಊರಿನ ಹೆಸರು ಬರೆಯದೆ ಕಾಗದ ಹಾಕಿದಂತೆ.

ಸದ್ಯದ ಪರಿಹಾರವಾಗಿ, ಶಿವಮೊಗ್ಗದ ಓದುಗರಿಗೆ ಹೇಳಿದಂತೆ 10.8.0.1 ಎಂಬ ವಿಳಾಸವನ್ನು ಬಳಸಿ ನೋಡಿ. ಅದು ಸುರಂಗದೊಳಗಿನದೇ ಆದ್ದರಿಂದ ಮನೆಯ ವಿಳಾಸಗಳೊಡನೆ ಢಿಕ್ಕಿಯಾಗುವುದಿಲ್ಲ. ಆಗಲೂ ತಡವರಿಸಿದರೆ, ವಿಪಿಎನ್ ಸರ್ವರ್‌ನಲ್ಲಿ ಬಂದವರಿಗೆ ಮನೆಯ ಲ್ಯಾನನ್ನು (ಒಳಜಾಲವನ್ನು) ಬಳಸಲು ಬಿಡುವ ಆಯ್ಕೆಯ ಗುರುತನ್ನು ತೆಗೆಯಿರಿ. ಆ ಗುರುತು ಇದ್ದಾಗ 192.168.29ರ ದಾರಿಯನ್ನು ಸುರಂಗದ ಕಡೆಗೆ ತಿರುಗಿಸುವ ಸೂಚನೆ ಲ್ಯಾಪ್‌ಟಾಪಿಗೆ ಹೋಗಿ, ಎರಡು ದಾರಿಗಳ ನಡುವೆ ಅದು ಗೊಂದಲಕ್ಕೆ ಬೀಳಬಹುದು. ನಿಮಗೆ ಬೇಕಾದದ್ದು ನ್ಯಾಸ್ ಒಂದೇ ಆಗಿದ್ದರೆ ಇಲ್ಲಿಗೆ ಕೆಲಸ ಮುಗಿಯಿತು.

ಮನೆಯ ಪ್ರಿಂಟರ್, ಸಿಸಿಟಿವಿ ಕೂಡ ಬೇಕೆಂದಾದರೆ ಮೈಸೂರಿನ ಒಳವಿಳಾಸಗಳನ್ನೇ ಬದಲಿಸಬೇಕು. ರೂಟರ್‌ನ ಲ್ಯಾನ್ ಪುಟದಲ್ಲಿ 192.168.29.1 ಇರುವಲ್ಲಿ 192.168.73.1 ಎಂಬಂತೆ ಯಾರೂ ಸುಲಭದಲ್ಲಿ ಆರಿಸದ ಅಂಕಿಯೊಂದನ್ನು ಹಾಕಿ. 0, 1, 29 ಇಂಥವನ್ನು ಬಿಡಿ, ಏಕೆಂದರೆ ಮುಂದೆ ನೀವು ಹೋಗುವ ಮನೆಗಳಲ್ಲಿ, ಕಚೇರಿಗಳಲ್ಲಿ ಅವೇ ಇರುತ್ತವೆ. ಇದು ಬಿಡುವಿನ ದಿನದ ಕೆಲಸ. ಫೋನ್, ಟಿವಿಗಳು ತಾವಾಗಿ ಹೊಸ ವಿಳಾಸಕ್ಕೆ ಹೊಂದಿಕೊಂಡರೂ, ಕೈಯಾರೆ ವಿಳಾಸ ಕೊಟ್ಟಿರುವ ನ್ಯಾಸ್, ಪ್ರಿಂಟರ್ ಮತ್ತು ಸಿಸಿಟಿವಿಯ ಡಿವಿಆರ್‌ಗಳು ಹಳೆಯ ವಿಳಾಸವನ್ನೇ ಹಿಡಿದು ಕೂರುತ್ತವೆ. ಅವನ್ನು ರೂಟರ್ ಬದಲಿಸುವ ಮುನ್ನವೇ ‘ಡಿಎಚ್‌ಸಿಪಿ’ಗೆ ಹಾಕಿಡಿ; ಆಮೇಲೆ ಮಾಡುತ್ತೇನೆಂದರೆ ಅವುಗಳ ಪುಟವನ್ನೇ ತೆರೆಯಲಾಗುವುದಿಲ್ಲ. ಪೋರ್ಟ್ ನಿಯಮದಲ್ಲೂ ನ್ಯಾಸ್‌ನ ಹೊಸ ವಿಳಾಸವನ್ನು ಬರೆಯಲು ಮರೆಯಬೇಡಿ.

ಪ್ರಶ್ನೆ: ವಿದೇಶಿ ವಿಪಿಎನ್ ಒಂದಕ್ಕೆ ಎರಡು ವರ್ಷದ ಚಂದಾ ಕಟ್ಟಿದ್ದೇನೆ. ಅದನ್ನೇ ನ್ಯಾಸ್‌ನಲ್ಲಿ ಹಾಕಿದರೆ ಹೊರಗಿನಿಂದ ನನ್ನ ಕಡತಗಳನ್ನು ತೆರೆಯಬಹುದಲ್ಲವೇ? ಸ್ವಂತ ವಿಪಿಎನ್ ನಡೆಸಲು ಸರ್ಕಾರದ ಅನುಮತಿ ಬೇಕೆಂದೂ ಒಬ್ಬರು ಹೇಳಿದರು.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತೆರೆಯಲಾಗುವುದಿಲ್ಲ. ಹೆಸರು ಒಂದೇ ಆದರೂ ದಿಕ್ಕು ವಿರುದ್ಧ. ಚಂದಾದ ವಿಪಿಎನ್ ನಿಮ್ಮ ಮನೆಯಿಂದ ಹೊರಗೆ ಹೋಗುವ ದಾರಿಯನ್ನು ಬೇರೆ ದೇಶದ ಮೂಲಕ ಸುತ್ತಿಸಿ ಒಯ್ಯುತ್ತದೆ. ನಿಮಗೆ ಬೇಕಿರುವುದು ಹೊರಗಿನಿಂದ ಮನೆಗೆ ಬರುವ ದಾರಿ. ಅದನ್ನು ನ್ಯಾಸ್‌ನಲ್ಲಿ ಹಾಕಿದರೆ ಇನ್ನೊಂದು ತೊಡಕೂ ಆಗಬಹುದು. ಹೊರಗಿನಿಂದ ಮನೆಯ ವಿಳಾಸಕ್ಕೆ ಬಂದ ಕರೆಗೆ ನ್ಯಾಸ್ ಕೊಡುವ ಉತ್ತರ ಚಂದಾ ವಿಪಿಎನ್‌ನ ಸುರಂಗದಿಂದ ಹೊರಟು, ಕೇಳಿದವರಿಗೆ ತಲುಪದೇ ಹೋಗುತ್ತದೆ.

ಅನುಮತಿಯ ಮಾತು ಹುಟ್ಟಿದ್ದು ಬಹುಶಃ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಿಂದ. ವಿಪಿಎನ್ ಸೇವೆ ಒದಗಿಸುವ ಕಂಪನಿಗಳು ಚಂದಾದಾರರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಅದರಲ್ಲಿ ಹೇಳಿತ್ತು, ಅದರಿಂದಾಗಿ ಕೆಲವು ವಿದೇಶಿ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಸಾರ್ವಜನಿಕರಿಗೆ ಸೇವೆ ಕೊಡುವವರ ಕುರಿತಾದ ನಿರ್ದೇಶನ ಅದು. ನಿಮ್ಮ ಮನೆಯವರಷ್ಟೇ ಬಳಸಲು ನಿಮ್ಮದೇ ನ್ಯಾಸ್‌ನಲ್ಲಿ ನಡೆಸುವ ವಿಪಿಎನ್ ಆ ಬಗೆಯ ಸೇವೆಯಲ್ಲ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತದೆ. ಊರಲ್ಲಿಲ್ಲದಾಗ ಹಾಗಾದರೆ ನ್ಯಾಸ್‌ನ ವಿಪಿಎನ್ ಮತ್ತೆ ಏಳುವುದೇ ಇಲ್ಲ.
– ಓದುಗರೊಬ್ಬರು, ಸಾಗರ

ಉತ್ತರ: ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಹಾರ್ಡ್‌ವೇರ್ ಮತ್ತು ಪವರ್’ ಎಂಬಲ್ಲಿ, ವಿದ್ಯುತ್ ಮರಳಿದಾಗ ತಾನಾಗಿ ಆರಂಭವಾಗುವ ಆಯ್ಕೆಗೆ ಗುರುತು ಹಾಕಿ. ಆದರೆ ಡಿಸ್ಕ್‌ಗಳಿಗೆ ಬರೆಯುತ್ತಿರುವಾಗಲೇ ಕರೆಂಟು ಹೋಗುವುದು ಕಡತಗಳಿಗೆ ಒಳ್ಳೆಯದಲ್ಲ, ಆದ್ದರಿಂದ ಯುಎಸ್‌ಬಿ ತಂತಿಯಿರುವ ಒಂದು ಸಣ್ಣ ಯುಪಿಎಸ್ ಅಗತ್ಯ. ಆ ತಂತಿಯನ್ನು ನ್ಯಾಸ್‌ಗೆ ಜೋಡಿಸಿ ಯುಪಿಎಸ್ ಬೆಂಬಲದ ಆಯ್ಕೆಯನ್ನು ಚಾಲೂ ಮಾಡಿದರೆ, ಬ್ಯಾಟರಿ ಮುಗಿಯುವ ಮೊದಲೇ ನ್ಯಾಸ್ ಕಡತಗಳನ್ನು ಮುಚ್ಚಿಕೊಂಡು ಸುರಕ್ಷಿತವಾಗಿ ನಿಲ್ಲುತ್ತದೆ. ಮನೆಯ ಇನ್ವರ್ಟರ್ ಕರೆಂಟನ್ನು ಕೊಡುತ್ತದೆಯೇ ಹೊರತು ಬ್ಯಾಟರಿ ಮುಗಿಯುತ್ತಿರುವ ಸುದ್ದಿಯನ್ನು ನ್ಯಾಸ್‌ಗೆ ಮುಟ್ಟಿಸುವುದಿಲ್ಲ.

ಫೈಬರ್ ಪೆಟ್ಟಿಗೆ ಮತ್ತು ರೂಟರ್‌ಗಳ ಪ್ಲಗ್ಗನ್ನೂ ಅದೇ ಯುಪಿಎಸ್‌ಗೆ ಹಾಕಿ. ನ್ಯಾಸ್ ಒಂದೇ ಎಚ್ಚರವಾಗಿದ್ದು ರೂಟರ್ ಮಲಗಿದ್ದರೆ ಹೊರಗಿನಿಂದ ಬಂದವರಿಗೆ ಎರಡೂ ಒಂದೇ.